ಪೆಲೆಟ್ ಸ್ಟೌ ಸಂಜೆ ಹೊತ್ತಿಗೇ ಕೈಕೊಡುತ್ತಿದ್ದರೆ ಮೋಟಾರನ್ನು ದೂರಬೇಡಿ

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಹಾಲ್ ಬೆಚ್ಚಗಿರಲಿ ಅಂತ 3 ವರ್ಷದ ಹಿಂದೆ ಪೆಲೆಟ್ ಸ್ಟೌ (ಮರದ ಹೊಟ್ಟು ಮುಂತಾದ್ದನ್ನು ಒತ್ತಿ ಮಾಡಿದ ಸಣ್ಣ ಕಡ್ಡಿಗಳನ್ನು ಉರಿಸುವ ಒಲೆ) ಹಾಕಿಸಿದೆವು. ಈ ಡಿಸೆಂಬರಿನಲ್ಲಿ ತೊಂದರೆ ಶುರುವಾಗಿದೆ. ಸ್ವಿಚ್ ಹಾಕಿದರೆ ಪೆಲೆಟ್ ಬೀಳುತ್ತದೆ, ಬೆಂಕಿಯೂ ಹತ್ತುತ್ತದೆ. 15–20 ನಿಮಿಷ ಆಗುತ್ತಿದ್ದ ಹಾಗೆ ಪೆಲೆಟ್ ಬೀಳುವುದು ನಿಂತು ಬೆಂಕಿ ಆರಿಹೋಗುತ್ತದೆ. ಪೆಲೆಟ್ ಸುರಿಯುವ ಡಬ್ಬ, ಅಂದರೆ ಹಾಪರ್, ತುಂಬಿದೆ, ಫ್ಯಾನ್ ಓಡುತ್ತಲೇ ಇರುತ್ತದೆ. ಬೆಳಿಗ್ಗೆ ಹಚ್ಚಿದರೆ ಎಷ್ಟೋ ಸಲ ಸರಿಯಾಗಿಯೇ ಉರಿಯುತ್ತದೆ. ಸಂಜೆ ಗೆಸ್ಟ್ ಬಂದು ಕೂತಾಗಲೇ ಕೈಕೊಡುತ್ತದೆ. ಎಲೆಕ್ಟ್ರಿಷಿಯನ್ ನೋಡಿ ಪೆಲೆಟ್ ತಳ್ಳುವ ಸ್ಕ್ರೂ ಮೋಟಾರ್ ಹೋಗಿದೆ, ಹೊಸದು ತರಿಸಿ ಅಂದರು. ಅಲ್ಲಿಯವರೆಗೆ ಒಂದು ಸ್ವಿಚ್‌ಗೆ ವೈರ್ ಕೊಟ್ಟು, ಅದನ್ನು ದಾಟಿಸಿ ಡೈರೆಕ್ಟ್ ಮಾಡುತ್ತೇನೆ ಅಂತಲೂ ಹೇಳಿದ್ದಾರೆ. ಏನು ಮಾಡಲಿ?

ಉತ್ತರ: ಮೇಡಂ, ಮೋಟಾರ್ ತರಿಸಬೇಡಿ. ಡೈರೆಕ್ಟ್ ಅಂತೂ ಮಾಡಿಸಲೇಬೇಡಿ. ಆ ವೈರಿನ ವಿಷಯ ಆಮೇಲೆ ಹೇಳುತ್ತೇನೆ, ಮೊದಲು ಮೋಟಾರ್ ಮಾತು ಮುಗಿಸೋಣ.

ನಿಮ್ಮ ಪತ್ರದಲ್ಲೇ ಎರಡು ಸುಳಿವು ಇವೆ. 15–20 ನಿಮಿಷ ಪೆಲೆಟ್ ಬೀಳುತ್ತದೆ ಅಂದಿದ್ದೀರಿ. ಸತ್ತ ಮೋಟಾರ್ ಅಷ್ಟು ಹೊತ್ತು ದುಡಿಯುವುದಿಲ್ಲ ಅಲ್ವಾ? ಎರಡನೆಯದು ಬೆಳಿಗ್ಗೆ ಸಂಜೆಯ ವ್ಯತ್ಯಾಸ. ಬಿಸಿಯಾದ ಮೇಲೆ ನಿಂತುಬಿಡುವ ಮೋಟಾರ್‌ಗಳೂ ಇವೆ, ಇಲ್ಲ ಅಂತಲ್ಲ. ಆದರೆ ಅಂಥದ್ದು ಬೆಳಿಗ್ಗೆಯೂ ನಿಲ್ಲಬೇಕಿತ್ತು. ಸಂಜೆ ಹೊತ್ತಿಗೆ ನಿಮ್ಮ ಮನೆಯಲ್ಲಿ ಬೇರೆ ಏನೋ ಬದಲಾಗುತ್ತಿದೆ. ನಾವು ಹುಡುಕಬೇಕಾದ್ದು ಅದನ್ನು.

ಒಳಗೆ ನಡೆಯುವುದೇನೂ ದೊಡ್ಡ ವಿದ್ಯೆಯಲ್ಲ. ಹಾಪರ್ ಅಡಿಯಲ್ಲಿ ಓರೆಯಾದ ಒಂದು ಕೊಳವೆ, ಅದರೊಳಗೆ ಉದ್ದದ ಸ್ಕ್ರೂ. ಗೇರ್ ಮೋಟಾರ್ ಅದನ್ನು ನಿಮಿಷಕ್ಕೆ ಕೆಲವೇ ಸುತ್ತು, ಬಹಳ ನಿಧಾನವಾಗಿ ತಿರುಗಿಸುತ್ತದೆ. ಪೆಲೆಟ್ ಮೇಲಕ್ಕೆ ಏರಿ, ಜಾರಿ, ಬೆಂಕಿ ಬಟ್ಟಲಿಗೆ ಟಣ್ ಟಣ್ ಅಂತ ಬೀಳುತ್ತದೆ. ಮೋಟಾರ್ ಒಂದೇ ಸಮನೆ ಓಡುವುದೂ ಇಲ್ಲ. ಕೆಲವು ಸೆಕೆಂಡ್ ಓಡುತ್ತದೆ, ಕೆಲವು ಸೆಕೆಂಡ್ ಸುಮ್ಮನಿರುತ್ತದೆ. ಅನುಭವ ಇಲ್ಲದ ಎಲೆಕ್ಟ್ರಿಷಿಯನ್‌ಗಳು ಎಡವುವುದು ಇಲ್ಲೇ. ಮೀಟರ್ ಹಿಡಿದು ಐದು ಸೆಕೆಂಡ್ ನೋಡುತ್ತಾರೆ, ಮೋಟಾರ್ ತಿರುಗಲಿಲ್ಲ, ‘ಹೋಗಿದೆ’ ಅಂದುಬಿಡುತ್ತಾರೆ. ನಿಮ್ಮವರನ್ನು ಒಂದೇ ಮಾತು ಕೇಳಿ: ಪೆಲೆಟ್ ನಿಂತಾಗ ಮೋಟಾರಿನ ಎರಡು ವೈರ್ ಮಧ್ಯೆ ಒಂದೆರಡು ನಿಮಿಷ ಮೀಟರ್ ಇಟ್ಟು ನೋಡಿದ್ರಾ? ಆಗಾಗ ಕರೆಂಟ್ ಬಂದೂ ಮೋಟಾರ್ ತಿರುಗದಿದ್ದರೆ ಮೋಟಾರ್ ಮೇಲೆ ಅನುಮಾನ ಪಡಬಹುದು, ಇಲ್ಲಾ ಸ್ಕ್ರೂ ಸಿಕ್ಕಿಕೊಂಡಿದೆ. ಕರೆಂಟೇ ಬರುತ್ತಿಲ್ಲ ಅಂದರೆ ಮೋಟಾರ್ ಪಾಪ, ಅದರ ತಪ್ಪೇನಿದೆ?

ಕರೆಂಟ್ ಬರದ ಹಾಗೆ ಮಾಡುವವರು ಮೂರ್ನಾಲ್ಕು ಜನ ಇದ್ದಾರೆ. ಮುಚ್ಚಳ ಮತ್ತು ಬಾಗಿಲು ಸರಿಯಾಗಿ ಹಾಕಿದೆಯೇ ಅಂತ ನೋಡುವ ಸ್ವಿಚ್ ಒಂದು. ಒಳಗೆ ಗಾಳಿ ಎಳೆತ ಸಾಕಷ್ಟಿದೆಯೇ ಅಂತ ನೋಡುವ ವ್ಯಾಕ್ಯೂಮ್ ಸ್ವಿಚ್ ಇನ್ನೊಂದು. ಸ್ಟೌ ಮೈ ಅತಿಯಾಗಿ ಕಾದರೆ ಕರೆಂಟ್ ಕಡಿಯುವುದು ಮತ್ತೊಂದು. ಕೊನೆಯದು ಹೊಗೆ ಹೋಗುವ ದಾರಿಗೆ ಅಂಟಿ ಕೂತಿರುವ, ಬೆಂಕಿ ನಿಜವಾಗಿ ಹತ್ತಿದೆಯೇ ಅಂತ ನೋಡುವ ಸೆನ್ಸರ್. ಇವರಲ್ಲಿ ಯಾರು ಒಲ್ಲೆ ಅಂದರೂ ಸ್ಕ್ರೂ ಮೋಟಾರ್ ನಿಲ್ಲುತ್ತದೆ. ಒಳಗಿನ ಹೊಗೆ ಹೊರಗೆ ಹೋಗಲಿ ಅಂತ ಫ್ಯಾನ್ ಮಾತ್ರ ಓಡುತ್ತಿರುತ್ತದೆ. ನೀವು ಬರೆದಿರುವ ಹಾಗೇ.

ಈಗ ಒಬ್ಬೊಬ್ಬರನ್ನೇ ಬಿಡುತ್ತಾ ಬರೋಣ. ಮುಚ್ಚಳದ ಸ್ವಿಚ್ ಆಗಿದ್ದರೆ ಮೊದಲ ನಿಮಿಷದಿಂದಲೇ ಪೆಲೆಟ್ ಬೀಳುತ್ತಿರಲಿಲ್ಲ. ಅತಿ ಬಿಸಿಯ ಸ್ವಿಚ್ ಕಡಿದಿದ್ದರೆ, ಎಷ್ಟೋ ಮಾಡೆಲ್‌ಗಳಲ್ಲಿ ಹಿಂದೆ ಇರುವ ಚಿಕ್ಕ ಗುಂಡಿಯನ್ನು ಕೈಯಿಂದ ಒತ್ತುವವರೆಗೆ ಸ್ಕ್ರೂ ಅಲ್ಲಾಡುವುದಿಲ್ಲ. ನಿಮ್ಮದು ಪ್ರತಿ ಸಲ ಮತ್ತೆ ಹತ್ತುತ್ತಿದೆ. ಉಳಿದವರು ಎಳೆತ ನೋಡುವವನು, ಬೆಂಕಿ ನೋಡುವವನು.

ಆ 15–20 ನಿಮಿಷದ ಲೆಕ್ಕ ಕೂಡುವುದು ಬೆಂಕಿ ನೋಡುವವನ ಹತ್ತಿರ. ಹಚ್ಚುವ ಹೊತ್ತಿನಲ್ಲಿ ಹೊಗೆ ಕೊಳವೆ ತಣ್ಣಗಿರುತ್ತದೆ ಅಂತ ಸ್ಟೌ ನಡೆಸುವ ಎಲೆಕ್ಟ್ರಾನಿಕ್ ಬೋರ್ಡಿಗೂ ಗೊತ್ತು. ಹಾಗಾಗಿ ಶುರುವಿನಲ್ಲಿ ಇಷ್ಟು ನಿಮಿಷ ಅಂತ ಸೆನ್ಸರನ್ನು ಕೇಳದೆಯೇ ಪೆಲೆಟ್ ಬೀಳಿಸುತ್ತದೆ. ಆ ಗಡುವು ಮುಗಿದ ಮೇಲೆ ಕೇಳುತ್ತದೆ. ಕೊಳವೆ ಸುಮಾರು 50 ಡಿಗ್ರಿಯಷ್ಟಾದರೂ ಕಾದಿರಬೇಕು. ಇಲ್ಲದಿದ್ದರೆ ‘ಬೆಂಕಿ ಹತ್ತೇ ಇಲ್ಲ, ಇನ್ನೂ ಪೆಲೆಟ್ ಸುರಿದರೆ ರಾಶಿ ಬೀಳುತ್ತದೆ’ ಅಂತ ನಿಲ್ಲಿಸಿಬಿಡುತ್ತದೆ. ಗಾಜಿನಲ್ಲಿ ನಿಮಗೆ ಬೆಂಕಿ ಕಾಣುತ್ತಿರಬಹುದು. ಆದರೆ ಅದರ ಕಾವು ಸಾಲುತ್ತಿಲ್ಲ.

ಹಾಗಾಗಿ ನಾಳೆ ಸಂಜೆ ಹಚ್ಚಿದ ಮೇಲೆ ಹತ್ತನೇ ನಿಮಿಷಕ್ಕೆ ಮುಂದೆ ಕೂತು ಬೆಂಕಿ ನೋಡಿ. ಒಳ್ಳೆ ಬೆಂಕಿ ಹಳದಿಯಾಗಿ, ಗಿಡ್ಡಗೆ, ಚುರುಕಾಗಿ ಇರುತ್ತದೆ. ಬಟ್ಟಲಿನಲ್ಲಿ ಪೆಲೆಟ್ ಸಣ್ಣಗೆ ಕುಣಿಯುತ್ತಿರುತ್ತವೆ. ಸೋತ ಬೆಂಕಿ ಕೇಸರಿ ಬಣ್ಣಕ್ಕೆ ತಿರುಗಿ, ಉದ್ದವಾಗಿ, ಸೋಮಾರಿ ಥರ ತೂಗಾಡುತ್ತದೆ. ತುದಿಯಲ್ಲಿ ಕಪ್ಪು ಹೊಗೆ, ಗಾಜಿನ ಮೇಲೆ ಮಸಿ. ನಿಮ್ಮದು ಎರಡನೆಯ ಥರ ಇರುತ್ತದೆ ಅಂತ ನನ್ನ ಊಹೆ.

ಬೆಂಕಿ ಸೋಲುವುದಕ್ಕೆ ನಮ್ಮ ಮಲೆನಾಡಿನಲ್ಲಿ ನಾನು ಮೊದಲು ಅನುಮಾನ ಪಡುವುದು ಪೆಲೆಟ್ ಮೇಲೆಯೇ. ಹೋದ ವರ್ಷ ಆಲ್ದೂರು ಕಡೆ ಒಂದು ಮನೆಗೆ ಹೋಗಿದ್ದೆ. ಅವರದ್ದೂ ಇದೇ ದೂರು. ಚೀಲ ಎಲ್ಲಿಟ್ಟಿದ್ದೀರಿ ಅಂದೆ. ಹಿಂದಿನ ಶೆಡ್ಡಿನಲ್ಲಿ, ಸಿಮೆಂಟ್ ನೆಲದ ಮೇಲೆ, ಗೋಡೆಗೆ ಒರಗಿಸಿ ಇಟ್ಟಿದ್ದರು. ಏಪ್ರಿಲ್‌ನಲ್ಲಿ ತರಿಸಿದ ಮಾಲು, ಇಡೀ ಮಳೆಗಾಲ ಅಲ್ಲೇ ಕೂತಿದೆ. ಕೈ ಹಾಕಿ ಒಂದು ಹಿಡಿ ತೆಗೆದೆ. ಮೇಲಿನವು ನೋಡಲು ಚೆನ್ನಾಗಿದ್ದವು. ತಳದಿಂದ ತೆಗೆದದ್ದು ಬೆರಳಲ್ಲಿ ಹಿಡಿದರೆ ಮೈ ಒರಟು, ಹೊಳಪು ಇಲ್ಲ, ಅಡ್ಡಕ್ಕೆ ಸಣ್ಣ ಸಣ್ಣ ಬಿರುಕು, ಒಂದಿಷ್ಟು ದಪ್ಪ ಬೇರೆ ಆಗಿತ್ತು. ಮುರಿದೆ. ಸದ್ದೇ ಇಲ್ಲ, ನೆನೆದ ರಸ್ಕ್ ಥರ ಪುಡಿಯಾಯಿತು. ಮನೆ ಯಜಮಾನರು ಕಾಫಿ ಬೆಳೆಗಾರರು, ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ ಬೀಜಕ್ಕೆ ಪಾರ್ಚ್‌ಮೆಂಟ್ ಅನ್ನುವವರು. ‘ಸಾರ್, ಪಾರ್ಚ್‌ಮೆಂಟ್ ಚೀಲ ಹೀಗೆ ನೆಲಕ್ಕೆ ಇಡ್ತೀರಾ?’ ಅಂದೆ. ‘ಛೆ, ಹಲಗೆ ಹಾಕದೆ ಇಡೋದುಂಟಾ!’ ಅಂದವರು ತಾವೇ ನಕ್ಕರು.

ಲೆಕ್ಕವೂ ಹೆಚ್ಚುಕಮ್ಮಿ ಒಂದೇ. ಪಾರ್ಚ್‌ಮೆಂಟ್‌ನಲ್ಲಿ ತೇವ ಶೇಕಡಾ 10ರ ಆಸುಪಾಸು ಇರಬೇಕು ಅಂತ ನೋಡಿಕೊಳ್ಳುತ್ತೀರಿ. ಒಳ್ಳೆ ಮರದ ಪೆಲೆಟ್‌ಗೂ ತೇವ ಶೇಕಡಾ 10 ಮೀರಬಾರದು. ಒಣ ಪೆಲೆಟ್ ಮುರಿದರೆ ‘ಟಕ್’ ಅನ್ನಬೇಕು. ಇನ್ನೊಂದು ಪರೀಕ್ಷೆ, ಒಂದು ಲೋಟ ನೀರಿಗೆ ನಾಲ್ಕು ಪೆಲೆಟ್ ಹಾಕಿ. ಗಟ್ಟಿಯಾಗಿ ಒತ್ತಿ ಮಾಡಿದ್ದು ಸೀದಾ ಮುಳುಗುತ್ತದೆ. ತೇಲಿದರೆ ಸರಿಯಾಗಿ ಒತ್ತಿಲ್ಲ, ಇಲ್ಲಾ ಹವೆ ಎಳೆದು ಸಡಿಲವಾಗಿದೆ ಅಂತ ಅರ್ಥ. ಚೀಲಗಳನ್ನು ಮರದ ಹಲಗೆ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ಒಡೆದ ಚೀಲವನ್ನು ಮುಚ್ಚಳ ಬಿಗಿಯಾಗಿ ಕೂರುವ ಡ್ರಮ್ಮಿಗೆ ಸುರಿಯಿರಿ. ಮಳೆಗಾಲಕ್ಕೆ ಮುಂಚೆ ಜಾಸ್ತಿ ತರಿಸಿ ಇಟ್ಟುಕೊಳ್ಳುವ ಅಭ್ಯಾಸವನ್ನೇ ಬಿಡಿ. ಕೆಟ್ಟ ಪೆಲೆಟ್ ಬಿಸಿಲಿಗೆ ಹಾಕಿದರೆ ಸರಿಹೋಗುತ್ತಾ ಅಂತ ಕೇಳುತ್ತಾರೆ. ಕಾಫಿ ಒಣಗಿಸಿದ ಹಾಗಲ್ಲ ಅದು. ತೇವ ಹೋಗಬಹುದು, ಒಮ್ಮೆ ಉಬ್ಬಿ ಬಿಚ್ಚಿಕೊಂಡದ್ದು ಮತ್ತೆ ಗಟ್ಟಿಯಾಗುವುದಿಲ್ಲ. ಹಂಡೆ ಒಲೆಗೆ ಹಾಕಿ ನೀರು ಕಾಯಿಸಿಕೊಳ್ಳಿ.

ಬಟ್ಟಲನ್ನೂ ನೋಡಬೇಕು. ಸ್ಟೌ ರಾತ್ರಿಯಿಡೀ ತಣ್ಣಗಾದ ಮೇಲೆ, ಪ್ಲಗ್ ಕಿತ್ತು, ಬಟ್ಟಲು ಹೊರಗೆ ತೆಗೆಯಿರಿ. ಅದರ ತಳದಲ್ಲಿ ಗಾಳಿ ಬರುವ ತೂತುಗಳಿವೆ. ಬೆಳಕಿಗೆ ಹಿಡಿದರೆ ಎಲ್ಲ ತೂತಿನಲ್ಲೂ ಬೆಳಕು ಕಾಣಬೇಕು. ಅರ್ಧ ಮುಚ್ಚಿದ್ದರೆ ಬೆಂಕಿಗೆ ಉಸಿರು ಕಟ್ಟುತ್ತದೆ. ಬೂದಿ ಆದರೆ ಬ್ರಷ್‌ನಲ್ಲಿ ಹೋಗುತ್ತದೆ. ಗಾಜಿನ ಹಾಗೆ ಗಟ್ಟಿಯಾದ ಕಿಟ್ಟ ಕೂತಿದ್ದರೆ ಸ್ಕ್ರೂ ಡ್ರೈವರ್‌ನಿಂದ ಮೆಲ್ಲಗೆ ಎಬ್ಬಿಸಿ. ನೀವು ಯಾವ ಪೆಲೆಟ್ ಹಾಕುತ್ತೀರಿ ಅಂತ ಬರೆದಿಲ್ಲ. ಕಾಫಿ ಸಿಪ್ಪೆಯದ್ದು ಅಗ್ಗಕ್ಕೆ ಸಿಕ್ಕಿತು ಅಂತ ಹಾಕುತ್ತಿದ್ದರೆ ಉತ್ತರ ಅಲ್ಲೇ ಇರಬಹುದು. ಕಾಫಿ ಸಿಪ್ಪೆಯಲ್ಲಿ ಪೊಟ್ಯಾಶ್ ಜಾಸ್ತಿ. ತೋಟದ ಗೊಬ್ಬರಕ್ಕೆ ಅದು ಒಳ್ಳೆಯದು, ಬಟ್ಟಲಿಗೆ ಕೆಟ್ಟದು. ಬೂದಿ ಬೇಗ ಕರಗಿ ಕಿಟ್ಟ ಕಟ್ಟುತ್ತದೆ. ದೊಡ್ಡ ಡ್ರೈಯರ್‌ನ ಒಲೆಯಲ್ಲಿ ಕಂಬಿ ಹಾಕಿ ಕೆದಕುತ್ತಾ ಉರಿಸಬಹುದು, ಈ ಚಿಕ್ಕ ಬಟ್ಟಲಿಗೆ ಆಗದು. ಮರದ ಹೊಟ್ಟಿನ ಪೆಲೆಟ್ಟೇ ಸರಿ. 6 ಮಿಲಿಮೀಟರ್ ದಪ್ಪದ್ದು ಅಂತ ನಿಮ್ಮ ಸ್ಟೌ ಪುಸ್ತಕದಲ್ಲಿ ಬರೆದಿದ್ದರೆ 8 ತರಬೇಡಿ.

ಇನ್ನು ಸಂಜೆಯ ವಿಷಯಕ್ಕೆ ಬರುತ್ತೇನೆ. ಪೆಲೆಟ್ ತೇವ, ಬಟ್ಟಲು ಕೊಳೆ ಅಂದರೆ ಬೆಳಿಗ್ಗೆಯೂ ಕೈಕೊಡಬೇಕಲ್ಲ ಅಂತ ನೀವು ಕೇಳಬಹುದು. ನಿಜ. ಬೆಳಿಗ್ಗೆ ಅಂಚಿನಲ್ಲಿ ಪಾಸಾಗುತ್ತಿದೆ, ಸಂಜೆ ಫೇಲ್ ಆಗುತ್ತಿದೆ. ಕಡಿಮೆ ಬೀಳುವ ಆ ನಾಲ್ಕು ಮಾರ್ಕ್ಸ್ ಎಲ್ಲಿ ಹೋಯಿತು ಅನ್ನುವುದಕ್ಕೆ ನನ್ನ ಉತ್ತರ: ವೋಲ್ಟೇಜ್.

ಡಿಸೆಂಬರ್ ಸಂಜೆ ನಿಮ್ಮ ಸುತ್ತ ಏನು ನಡೆಯುತ್ತಿರುತ್ತದೆ ನೆನಪಿಸಿಕೊಳ್ಳಿ. ಅರೇಬಿಕಾ ಕುಯ್ಲು. ಹಗಲು ಕುಯ್ದ ಹಣ್ಣು ಸಂಜೆಗೆ ಕಣಕ್ಕೆ ಬಂದು, ಅವತ್ತೇ ಪಲ್ಪ್ ಆಗಬೇಕು, ಅಂದರೆ ಸಿಪ್ಪೆ ಬಿಡಿಸಬೇಕು. ಅದೇ ಲೈನಿನಲ್ಲಿ ಅಕ್ಕಪಕ್ಕದ ತೋಟಗಳ ಪಲ್ಪರ್, ವಾಷರ್, ನೀರಿನ ಪಂಪು ಎಲ್ಲ ಒಟ್ಟಿಗೆ ಓಡುತ್ತವೆ. ನಾನು ಹೊಟ್ಟೆಪಾಡಿಗೆ ಮಾಡುವುದು ಆ ಪಲ್ಪರ್ ಮೋಟಾರ್‌ಗಳ ರಿಪೇರಿಯೇ. 230 ಇರಬೇಕಾದ ಕಡೆ 180 ತೋರಿಸುವುದನ್ನು ಎಷ್ಟೋ ಸಂಜೆ ನೋಡಿದ್ದೇನೆ. ಇಂಥ ಮೋಟಾರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಬೀಳುತ್ತದೆ. 180ಕ್ಕೆ ಇಳಿದರೆ ಬಲ ಸುಮಾರು ಶೇಕಡಾ 60ಕ್ಕೆ ಬಂತು. ಉಬ್ಬಿದ ಪೆಲೆಟ್ ತುಂಬಿದ ಸ್ಕ್ರೂ ತಿರುಗಿಸಲು ಅದು ಸಾಲದೆ ಹೋಗಬಹುದು. ಹೊಗೆ ಎಳೆಯುವ ಫ್ಯಾನೂ ನಿಧಾನವಾಗುತ್ತದೆ. ಎಳೆತ ಕಡಿಮೆ, ಬೆಂಕಿಗೆ ಗಾಳಿ ಕಡಿಮೆ, ಕಾವು ಕಡಿಮೆ. ಎಳೆತ ಇನ್ನೂ ಇಳಿದರೆ ವ್ಯಾಕ್ಯೂಮ್ ಸ್ವಿಚ್ಚೇ ಕಡಿಯುತ್ತದೆ.

ಇದರ ಜೊತೆಗೆ ಅಡುಗೆಮನೆ. ಸಂಜೆ ಗೆಸ್ಟ್‌ಗಳಿಗೆ ಅಡುಗೆ ನಡೆಯುತ್ತಿರುತ್ತದೆ, ಚಿಮಣಿ ಫ್ಯಾನ್ ಜೋರಾಗಿ ಓಡುತ್ತಿರುತ್ತದೆ. ಚಳಿ ಅಂತ ಕಿಟಕಿ ಎಲ್ಲ ಮುಚ್ಚಿರುತ್ತೀರಿ. ಆ ಚಿಮಣಿ ಹೊರಗೆ ದಬ್ಬುವ ಗಾಳಿ ಎಲ್ಲಿಂದಾದರೂ ಒಳಗೆ ಬರಬೇಕಲ್ಲ? ಮನೆಯ ಗಾಳಿಯನ್ನು ಅಡುಗೆಮನೆ ಒಂದು ಕಡೆಗೆ ಎಳೆದರೆ ಸ್ಟೌ ಇನ್ನೊಂದು ಕಡೆಗೆ ಎಳೆಯುತ್ತದೆ. ಗೆಲ್ಲುವುದು ಅಡುಗೆಮನೆ. ಪರೀಕ್ಷೆ ಸುಲಭ. ಸ್ಟೌ ಉರಿಯುವಾಗ ಚಿಮಣಿ ನಿಲ್ಲಿಸಿ, ಹಾಲಿನ ಒಂದು ಕಿಟಕಿ ಎರಡು ಬೆರಳಷ್ಟು ತೆಗೆದಿಡಿ. ಬೆಂಕಿ ಚುರುಕಾದರೆ ಕಳ್ಳ ಸಿಕ್ಕಿದ. ಹೊರಗಿನಿಂದ ನೇರ ಗಾಳಿ ತರುವ ಪೈಪ್ ಜೋಡಿಸಲು ನಿಮ್ಮ ಮಾಡೆಲ್‌ನಲ್ಲಿ ಅವಕಾಶ ಇದ್ದರೆ ಹಾಕಿಸಿಬಿಡಿ.

ವೋಲ್ಟೇಜಿಗೆ ಪ್ಲಗ್‌ಗೆ ಚುಚ್ಚುವ ಚಿಕ್ಕ ಮೀಟರ್ ಸಿಗುತ್ತದೆ, ಒಂದು ವಾರ ಬೆಳಿಗ್ಗೆ ಸಂಜೆ ಬರೆದಿಡಿ. 200ರ ಕೆಳಗೆ ಹೋಗುತ್ತಿದ್ದರೆ 1 ಕೆವಿಎ ಸ್ಟೆಬಿಲೈಸರ್ ಸಾಕು. ಈ ಸ್ಟೌ ಹಚ್ಚುವಾಗ 300–400 ವ್ಯಾಟ್, ಆಮೇಲೆ 100ರ ಆಸುಪಾಸು ಎಳೆಯುತ್ತದೆ, ಅಷ್ಟೆ. ಇನ್ವರ್ಟರ್ ಮೇಲೆ ಓಡಿಸುವುದಾದರೆ ಪ್ಯೂರ್ ಸೈನ್ ವೇವ್ ಇರಲಿ. ಹಳೆ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಈ ಮೋಟಾರ್‌ಗಳು ಗುಂಯ್ ಅಂತ ನರಳುತ್ತವೆ. ಯಾರೋ ನೆಂಟರು ಅಮೆರಿಕದಿಂದ ಕಳಿಸಿದ ಸ್ಟೌ ಆಗಿದ್ದರೆ ಇನ್ನೊಂದು ವಿಷಯ: ಅಲ್ಲಿನ ಕರೆಂಟ್ 60 ಹರ್ಟ್ಸ್, ನಮ್ಮದು 50. ಟ್ರಾನ್ಸ್‌ಫಾರ್ಮರ್ ಇಟ್ಟು 120 ವೋಲ್ಟ್‌ಗೆ ಇಳಿಸಿದರೂ ಹರ್ಟ್ಸ್ ಬದಲಾಗುವುದಿಲ್ಲ. ಸ್ಕ್ರೂ ಹೆಚ್ಚುಕಮ್ಮಿ ಆರರಲ್ಲಿ ಒಂದು ಪಾಲು ನಿಧಾನವಾಗಿಯೇ ತಿರುಗುತ್ತದೆ.

ಇಷ್ಟೆಲ್ಲ ನೋಡಿಯೂ ಸರಿಹೋಗದಿದ್ದರೆ ವ್ಯಾಕ್ಯೂಮ್ ಸ್ವಿಚ್ಚಿನ ಟ್ಯೂಬ್ ನೋಡಿ. ಪೆನ್ಸಿಲ್ ದಪ್ಪದ ರಬ್ಬರ್ ಟ್ಯೂಬ್, ಒಂದು ತುದಿ ಸ್ವಿಚ್ಚಿಗೆ, ಇನ್ನೊಂದು ಸ್ಟೌ ಒಳಗೆ. ಸಕಲೇಶಪುರದ ಕಡೆ ಒಂದು ಬಂಗಲೆಯಲ್ಲಿ ಎರಡು ಮೋಟಾರ್, ಒಂದು ಬೋರ್ಡ್ ಬದಲಾಯಿಸಿದ ಮೇಲೆ ನನ್ನನ್ನು ಕರೆದರು. ಟ್ಯೂಬ್ ಕಿತ್ತು ಅಲ್ಲಾಡಿಸಿದರೆ ಒಳಗಿಂದ ಕೆಮ್ಮಣ್ಣಿನ ಪುಡಿ ಉದುರಿತು. ಆರು ತಿಂಗಳು ಸ್ಟೌ ಹಚ್ಚದೆ ಬಿಟ್ಟಿದ್ದರಲ್ಲ, ಆ ಸಂದಿಯಲ್ಲಿ ಕಣಜ ಗೂಡು ಕಟ್ಟಿ, ಮರಿ ಮಾಡಿಕೊಂಡು ಹಾರಿಯೂ ಹೋಗಿತ್ತು. ಟ್ಯೂಬ್ ಊದಿ ಸ್ವಚ್ಛ ಮಾಡುವುದಾದರೆ ಸ್ವಿಚ್ಚಿನಿಂದ ಕಿತ್ತ ಮೇಲೆಯೇ ಊದಿ. ಸ್ವಿಚ್ಚಿಗೆ ಸಿಕ್ಕಿಸಿದ ಹಾಗೇ ಊದಿದರೆ ಒಳಗಿನ ತೆಳು ಪೊರೆ ಹರಿದುಹೋಗುತ್ತದೆ. ಬಾಗಿಲಿನ ಹಗ್ಗದ ಗ್ಯಾಸ್ಕೆಟ್ ಕೂಡ ನೋಡಿ. ಪೇಪರ್ ಚೂರು ಇಟ್ಟು ಬಾಗಿಲು ಹಾಕಿ ಎಳೆದರೆ ಬಿಗಿಯಾಗಿ ಹಿಡಿದುಕೊಳ್ಳಬೇಕು, ಸಲೀಸಾಗಿ ಬಂದರೆ ಅಲ್ಲಿ ಗಾಳಿ ಸೋರುತ್ತಿದೆ.

ಮೋಟಾರ್ ತಿರುಗುತ್ತಿದ್ದೂ ಪೆಲೆಟ್ ಬೀಳದ ಕಥೆ ಬೇರೆ. ಹಿಟ್ಟಿನ ಮಿಲ್ಲಿನಲ್ಲಿ ಮೇಲಿನ ಡಬ್ಬಕ್ಕೆ ಆಗಾಗ ಕೋಲಿನಿಂದ ಬಡಿಯುವುದನ್ನು ನೋಡಿರುತ್ತೀರಿ. ಕಾಳು ಕಮಾನು ಕಟ್ಟಿ ಮೇಲೇ ನಿಂತುಬಿಡುತ್ತದೆ, ಕೆಳಗೆ ಖಾಲಿ. ಪೆಲೆಟ್ ಪುಡಿ ಜಾಸ್ತಿಯಾದಾಗ ಅಥವಾ ಬೆರಳುದ್ದದ ಪೆಲೆಟ್ ಸೇರಿಕೊಂಡಾಗ ಹಾಪರ್‌ನಲ್ಲೂ ಹಾಗೇ. 4 ಸೆಂಟಿಮೀಟರ್‌ಗಿಂತ ಉದ್ದ ಇರಬಾರದು. ತಿಂಗಳಿಗೊಮ್ಮೆ ಹಾಪರ್ ಪೂರ್ತಿ ಖಾಲಿ ಮಾಡಿ, ತಳದ ಪುಡಿಯನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಿರಿ. ಸ್ಕ್ರೂ ಬುಡದಲ್ಲಿ ನಾನು ತೆಗೆದ ಸಾಮಾನುಗಳಲ್ಲಿ ಮೊದಲ ಸ್ಥಾನ ಚೀಲದ ಬಾಯಿ ಹೊಲಿದ ದಾರಕ್ಕೆ. ಚೀಲ ಬಿಚ್ಚುವಾಗ ದಾರ ಎಳೆದು ಜೇಬಿಗೆ ಹಾಕಿಕೊಳ್ಳಿ. ಸಿಕ್ಕಿಕೊಂಡ ಪೆಲೆಟ್ ಮೆತ್ತಗಾಗಲಿ ಅಂತ ನೀರು ಮಾತ್ರ ಸುರಿಯಬೇಡಿ. ಸಿಮೆಂಟ್ ಥರ ಕಚ್ಚಿಕೊಳ್ಳುತ್ತದೆ, ಆಮೇಲೆ ಇಡೀ ಸ್ಕ್ರೂ ಬಿಚ್ಚಬೇಕು. ಪ್ಲಗ್ ಕೀಳದೆ ಕೈ ಹಾಕಲೂ ಬೇಡಿ. ನಿಧಾನಕ್ಕೆ ತಿರುಗುತ್ತದೆ ಅಂತ ಸದರ ಬೇಡ, ಬೆರಳು ಬಿಡಿಸಿಕೊಳ್ಳುವಷ್ಟು ಪುರುಸೊತ್ತು ಅದು ಕೊಡುವುದಿಲ್ಲ.

ನನ್ನ ಒಂದು ಪೆದ್ದತನವನ್ನೂ ಹೇಳಿಬಿಡುತ್ತೇನೆ. ಈ ಸ್ಟೌಗಳಿಗೆ ಕೈ ಹಾಕಿದ ಮೊದಲ ವರ್ಷ, ಮೋಟಾರ್ ಸದ್ದು ಇದೆ ಪೆಲೆಟ್ ಇಲ್ಲ ಅಂತ ಒಬ್ಬರು ಕರೆದರು. ಒಳಗಿನ ಗೇರ್ ಸವೆದಿದೆ ಅಂದೆ, ಧೈರ್ಯವಾಗಿ. ಹೊಸ ಮೋಟಾರ್ ಬರಲು ಮೂರು ವಾರ ಹಿಡಿಯಿತು. ಹಾಕಿದೆ, ಅದೂ ತಿರುಗುತ್ತದೆ, ಪೆಲೆಟ್ ಇಲ್ಲ. ಟಾರ್ಚ್ ಹಿಡಿದು ನೋಡಿದರೆ ಮೋಟಾರ್ ಶಾಫ್ಟನ್ನು ಸ್ಕ್ರೂಗೆ ಕಚ್ಚಿಸುವ ಗ್ರಬ್ ಸ್ಕ್ರೂ ಸಡಿಲ. ಕಡಲೆಕಾಳಿನಷ್ಟು ಇಲ್ಲ ಅದು. ಅಲನ್ ಕೀ ಹಾಕಿ ಕಾಲು ಸುತ್ತು ತಿರುಗಿಸಿದೆ, ಟಣ್ ಅಂತ ಪೆಲೆಟ್ ಬಿತ್ತು. ಹಳೆ ಮೋಟಾರನ್ನು ಅವರಿಗೆ ಸ್ಪೇರ್ ಅಂತ ಕೊಟ್ಟು, ಹೊಸದರ ದುಡ್ಡು ನಾನೇ ಹಾಕಿಕೊಂಡೆ.

ಕೊನೆಗೆ ಆ ಡೈರೆಕ್ಟ್ ವೈರ್. ನಿಮ್ಮ ಎಲೆಕ್ಟ್ರಿಷಿಯನ್ ಕೆಟ್ಟ ಉದ್ದೇಶದಿಂದ ಹೇಳಿರಲಿಕ್ಕಿಲ್ಲ. ಪಂಪ್ ಸ್ಟಾರ್ಟರ್‌ಗೆ ನಾವೆಲ್ಲ ಹಾಗೆ ಮಾಡಿದವರೇ. ಆದರೆ ಪಂಪ್ ಇರುವುದು ಬಾವಿ ಹತ್ತಿರ, ಈ ಸ್ಟೌ ಇರುವುದು ಜನ ಕೂತು ಹರಟೆ ಹೊಡೆಯುವ, ಕಿಟಕಿ ಮುಚ್ಚಿದ ಹಾಲಿನಲ್ಲಿ. ವ್ಯಾಕ್ಯೂಮ್ ಸ್ವಿಚ್ಚನ್ನು ಡೈರೆಕ್ಟ್ ಮಾಡಿದರೆ ಹೊಗೆ ದಾರಿ ಕಟ್ಟಿದ್ದರೂ ಪೆಲೆಟ್ ಬೀಳುತ್ತಲೇ ಇರುತ್ತದೆ. ಅರೆಬೆಂದ ಬೆಂಕಿಯ ಕಾರ್ಬನ್ ಮೊನಾಕ್ಸೈಡ್ ಕೋಣೆಗೆ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ ಬಂದರೆ ಗೆಸ್ಟ್‌ಗಳು ಘಾಟಿ ರಸ್ತೆಯ ತಿರುವು ಅಂದುಕೊಂಡು ಮಲಗಿಬಿಡುತ್ತಾರೆ. ಅತಿ ಬಿಸಿಯ ಸ್ವಿಚ್ಚನ್ನು ಡೈರೆಕ್ಟ್ ಮಾಡಿದರೆ ಬೆಂಕಿ ಸ್ಕ್ರೂ ಹಿಡಿದುಕೊಂಡು ಹಾಪರ್‌ವರೆಗೆ ಹಿಂದಕ್ಕೆ ನಡೆಯಬಹುದು. ಈಗಾಗಲೇ ವೈರ್ ಹಾಕಿಸಿದ್ದರೆ ಇವತ್ತೇ ತೆಗೆಸಿ. ಹಾಲಿಗೂ, ಪಕ್ಕದಲ್ಲಿ ಮಲಗುವ ಕೋಣೆ ಇದ್ದರೆ ಅಲ್ಲಿಗೂ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದೊಂದು ಹಾಕಿ.

ಮೊದಲು ಒಂದು ಹೊಸ ಚೀಲದ ಒಣ ಪೆಲೆಟ್, ಸ್ವಚ್ಛ ಬಟ್ಟಲು, ಚಿಮಣಿ ಬಂದ್, ಕಿಟಕಿ ಎರಡು ಬೆರಳು. ಇಷ್ಟಕ್ಕೆ ಸಂಜೆ ಒಂದು ಗಂಟೆ ಉರಿದರೆ ಸ್ಟೌ ಚೆನ್ನಾಗಿದೆ. ಆಗಲೂ ನಿಂತರೆ ವೋಲ್ಟೇಜ್ ಎಷ್ಟಿದೆ ಬರೆದುಕೊಳ್ಳಿ, ಹಾಪರ್ ಪಕ್ಕದಲ್ಲಿ ಮೊಬೈಲ್ ಇಟ್ಟು ಎರಡು ನಿಮಿಷ ರೆಕಾರ್ಡ್ ಮಾಡಿ ಕಳಿಸಿ. ಗುಂಯ್ ಅನ್ನುತ್ತಿದ್ದರೆ ಸಿಕ್ಕಿಕೊಂಡಿದೆ, ಕಿರ್ ಕಿರ್ ಅಂತ ತಿರುಗುತ್ತಿದ್ದರೆ ಆ ಕಡಲೆಕಾಳು ಸ್ಕ್ರೂ, ಏನೂ ಸದ್ದಿಲ್ಲ ಅಂದರೆ ಸ್ವಿಚ್‌ಗಳು. ರೆಕಾರ್ಡ್ ಮಾಡುವಾಗ ಟಿವಿ ಒಂದು ಆಫ್ ಮಾಡಿ, ಹೋದ ಸಲ ಒಬ್ಬರು ಕಳಿಸಿದ್ದರಲ್ಲಿ ನನಗೆ ಧಾರಾವಾಹಿ ಬಿಟ್ಟು ಬೇರೇನೂ ಕೇಳಿಸಲಿಲ್ಲ.